ನಿನ್ನ ಮೊದಲ ಮೇಜರ್ ಮುಗಿದ ಮೇಲೆ

ಆಸ್ಪತ್ರೆಯಿಂದ,
ಶನಿವಾರ ಬೆಳಿಗ್ಗೆ

ನನ್ನ ಬಂಗಾರಿ,

ನಿನ್ನ ಕೊನೆಯ ಹೊಡೆತ ಮುಗಿದ ಮೇಲೆಯೇ ಇದನ್ನು ಕೊಡಬೇಕೆಂದು ನಿನ್ನ ಕೋಚ್ ಹತ್ತಿರ ಆಣೆ ಹಾಕಿಸಿಕೊಂಡಿದ್ದೇನೆ. ಅಮ್ಮನ ಫೋನು ಕೆಟ್ಟಿದೆ ಎಂದು ಅವಳು ಹೇಳಿದ ಸುಳ್ಳು ನಾನೇ ಹೇಳಿಕೊಟ್ಟದ್ದು, ಅವಳ ಮೇಲೆ ರೇಗಬೇಡ. ಬುಧವಾರ ನಿಮ್ಮಪ್ಪ ಬಂದಿದ್ದ. ನನ್ನ ಎಡಗೈ ಎರಡು ಕಡೆ ಮುರಿದಿದೆ. ಜೀವಕ್ಕೇನೂ ಇಲ್ಲ.

ಯಾರದೋ ಸೂಟಿನ ತೋಳು ಚಿಕ್ಕದು ಮಾಡಿ ಇಸ್ತ್ರಿ ಹಾಕುತ್ತಿದ್ದೆ. ಬಾಗಿಲು ಒದ್ದುಕೊಂಡು ಬಂದ, ಕೈಯಲ್ಲಿ ಕಬ್ಬಿಣದ ಗಾಲ್ಫ್ ಕ್ಲಬ್ಬು. ಚಿಕ್ಕವಳಿದ್ದಾಗ ಚೆಂಡು ಕುಳಿ ತಪ್ಪಿದರೆ ನಿನ್ನ ಮೀನಖಂಡಕ್ಕೆ ಬಾರಿಸುತ್ತಿದ್ದನಲ್ಲ, ಅಂಥದ್ದೇ. "ಯಾವ ಹೋಟೆಲಲ್ಲಿದ್ದಾಳೆ ಹೇಳು. ನಾನು ಜೀವಮಾನದಲ್ಲಿ ಒಂದು ಮೇಜರ್ ಆಡಕ್ಕಾಗಲಿಲ್ಲ. ನಾನು ತಯಾರು ಮಾಡಿದವಳನ್ನ ಆ ಕೋಚ್ ಹೆಂಗಸು ಕರ್ಕೊಂಡು ಹೋಗ್ತಾಳಾ?" ಎಂದ. ಗೊತ್ತಿಲ್ಲ ಎಂದೆ. ನೀನು ಗೆದ್ದ ಕಪ್ಪುಗಳ ಗಾಜಿನ ಬೀರು ಪುಡಿಪುಡಿ ಮಾಡಿದ. ಮತ್ತೆ ಕೇಳಿದ. ಹೊಲಿಗೆ ಮಷೀನಿನ ತಲೆ ಹಾರಿಸಿದ. ಮೂರನೇ ಸಲ ಕೇಳಲಿಲ್ಲ. ನನ್ನ ತಲೆಗೇ ಬೀಸಿದ. ಕೈ ಅಡ್ಡ ಹಿಡಿದೆ. ಮೂಳೆ ಲಟಕ್ಕೆಂದದ್ದು ಕಿವಿಗೆ ಕೇಳಿಸಿತು. ಬಲಗೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು. ಬೀಸಿದೆ, ಕಪಾಳಕ್ಕೆ, ಒಂದೇ ಏಟು. ಚರ್ಮ ಸುಟ್ಟ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ. ಅವನು ಈಗ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದಾನೆ, ಪ್ರಜ್ಞೆ ಬಂದಿಲ್ಲ.

ಇಷ್ಟು ವರ್ಷ ನಿನ್ನ ಪ್ಯಾಂಟಿನ ಅಂಚು ಹೊಲಿದುಕೊಟ್ಟೆನೇ ಹೊರತು ನಿನ್ನ ಆಟದ ತಲೆಬುಡ ತಿಳಿಯುವ ಗೋಜಿಗೆ ಹೋಗಲಿಲ್ಲ. ಗಾಲ್ಫ್ ಅಂದರೆ ನನಗೆ ಅವನ ಏಟು, ಅಷ್ಟೆ. ಇಲ್ಲಿನ ನರ್ಸ್ ಗಾಲ್ಫ್ ಹುಚ್ಚಿ. ಟೀವಿ ಹಾಕಿ ಪಾಠ ಶುರುಮಾಡಿದಳು. "ಪಂದ್ಯ ವಾರವಾರ ಇರುತ್ತೆ ಅಮ್ಮಾ. ಆದ್ರೆ ಮೇಜರ್ ವರ್ಷಕ್ಕೆ ಗಂಡಸರಿಗೆ ನಾಲ್ಕೇ, ಹೆಂಗಸರಿಗೆ ಐದೇ. ದೊಡ್ಡ ಆಟಗಾರರು ಅಂದ್ರೆ ಎಷ್ಟು ಮೇಜರ್ ಗೆದ್ರು ಅಂತ್ಲೇ ಲೆಕ್ಕ." ಗಂಡಸರಲ್ಲಿ ಮಾಸ್ಟರ್ಸ್ ಪ್ರತಿ ವರ್ಷ ಅದೇ ಮೈದಾನದಲ್ಲಂತೆ, ಗೆದ್ದವನಿಗೆ ಹಸಿರು ಕೋಟು. ತೋಳು ಉದ್ದವಾದರೆ ಯಾರು ಸರಿಮಾಡುತ್ತಾರೆ ಎಂದು ಕೇಳಿದ್ದಕ್ಕೆ ಬಿದ್ದೂಬಿದ್ದು ನಕ್ಕಳು. ಎಲ್ಲಕ್ಕಿಂತ ಹಳೆಯದು ಓಪನ್, ಕಡಲ ದಂಡೆಯ ಗಾಳಿಯಲ್ಲಿ ಆಡುವುದು. ಯು.ಎಸ್. ಓಪನ್‌ನಲ್ಲಿ ದಾರಿ ಬಿಟ್ಟ ಚೆಂಡು ಹುಲ್ಲಿನಲ್ಲಿ ಹೂತೇಹೋಗುತ್ತದಂತೆ. ಇನ್ನೊಂದು ಪಿಜಿಎ. ಯಾವ ಮೇಜರ್ ಆದರೂ ನಾಲ್ಕು ದಿನ, ದಿನಕ್ಕೆ ಹದಿನೆಂಟು ಕುಳಿ, ಕಡಿಮೆ ಹೊಡೆತದವರದೇ ಗೆಲುವು. ಎರಡು ದಿನವಾದ ಮೇಲೆ ಹಿಂದೆ ಬಿದ್ದವರನ್ನೆಲ್ಲ ಮನೆಗೆ ಕಳಿಸುತ್ತಾರೆ, ಅದಕ್ಕೆ ಕಟ್ ಅನ್ನುವುದು.

ನಿನ್ನೆ ನೀನು ಒಂದೇ ಹೊಡೆತದ ಅಂತರದಲ್ಲಿ ಕಟ್ ದಾಟಿದೆ. ಕೊನೆಯ ಕುಳಿಯ ಹತ್ತಿರ ನಿಂತು ಜನರ ಕಡೆ ತಿರುಗಿ ತಿರುಗಿ ನೋಡುತ್ತಿದ್ದೆ. ಯಾರನ್ನು ಹುಡುಕುತ್ತಿದ್ದೀಯೆಂದು ನನಗೆ ಗೊತ್ತಾಯಿತು. ಟೀವಿ ಒಡೆದು ನಿನ್ನ ಹತ್ತಿರ ಬಂದುಬಿಡೋಣ ಅನ್ನಿಸಿತು ಮಗಳೇ. ಹೆದರಬೇಡ, ನಿಮ್ಮಪ್ಪ ಇಲ್ಲ ಅಲ್ಲಿ.

ಗೆದ್ದಿದ್ದರೂ ಸೋತಿದ್ದರೂ ಮೊದಲು ಹೊಟ್ಟೆತುಂಬ ಊಟ ಮಾಡು. ಆಮೇಲೆ ಅಳು.

ನಿನ್ನ ಆಟ ಈಗಷ್ಟೇ ಕಲಿಯುತ್ತಿರುವ,
ಅಮ್ಮ

ತಾಜಾಕಲಂ: ಇದನ್ನು ಮಡಿಸುವಷ್ಟರಲ್ಲಿ ಮೇಲಿನಿಂದ ಸುದ್ದಿ ಬಂತು. ನಿಮ್ಮಪ್ಪ ಹೋದ. ಒಂದೇ ಏಟು ಎಂದು ನಿನಗೂ ಪೊಲೀಸರಿಗೂ ಹೇಳಿದ್ದು ಸುಳ್ಳು. ಬಿದ್ದವನು ನನ್ನ ಸೆರಗು ಹಿಡಿದು, ಅವಳ ಬೆರಳು ಒಂದೊಂದೇ ಮುರೀತೀನಿ, ಆಮೇಲೆ ಹೇಗೆ ಆಡ್ತಾಳೋ ನೋಡ್ತೀನಿ ಅಂದ. ಆಗ ಇನ್ನೊಂದು ಹೊಡೆದೆ, ಎರಡೂ ಕೈಯಲ್ಲಿ, ಮುರಿದದ್ದೂ ಸೇರಿಸಿ. ಬಾಗಿಲಲ್ಲಿ ಪೊಲೀಸಿನವಳು ಕೂತಿದ್ದಾಳೆ. ಕರೆದಿದ್ದೇನೆ, ಅವಳಿಗೂ ಹೇಳಬೇಕು.