ಕೆಂಪು ಪೆನ್ಸಿಲಿನ ಗೆರೆ

ಭದ್ರಾವತಿ, ೧೨-೭-೧೯೬೩

ಷಣ್ಮುಖಪ್ಪ ಮೇಷ್ಟ್ರಿಗೆ ಜಗದಾಂಬಾಳ ಶರಣು.

ನೀವು ಲಿಂಗೈಕ್ಯರಾಗಿ ಹದಿನೆಂಟು ದಿನ ಆಯ್ತು. ಇವತ್ತು ಆಫೀಸಿನಲ್ಲಿ ಆದದ್ದನ್ನು ಬೇರೆ ಯಾರಿಗೂ ಹೇಳೋ ಹಾಗಿಲ್ಲ, ಅದಕ್ಕೇ ನಿಮಗೆ ಬರೀತಿದ್ದೀನಿ.

ಗಾಂಧಿ ಬಜಾರಿನ ನಿಮ್ಮ ಮಹಡಿ ಕ್ಲಾಸಿನಲ್ಲಿ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಕಲಿಯುವಾಗ, ತೆಳು ಗೆರೆಗೆ ಒಂದು ಅಕ್ಷರ, ದಪ್ಪ ಗೆರೆಗೆ ಇನ್ನೊಂದು ಅಂತ ಗೊತ್ತಿದ್ರೂ ದಪ್ಪ ಗೆರೆಯನ್ನೂ ನಾನು ತೆಳ್ಳಗೇ ಎಳೀತಿದ್ದೆ. ನೀವು ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ತಿದ್ದಿ, "ಒತ್ತಿ ಬರಿ ಮಾರಾಯ್ತಿ" ಅಂತಿದ್ರಿ. ಒತ್ತೋ ಗೋಜೇ ಬೇಡ ಅಂತ ನಾನು ದಪ್ಪ-ತೆಳು ಇಲ್ಲದ, ಬರೀ ಸುರುಳಿಗಳ ಗ್ರೆಗ್ ಪದ್ಧತಿಗೆ ಹೋದೆ. ನಿಮ್ಮವರು ನಮ್ಮನ್ನು ಸುರುಳಿ ಸುತ್ತೋರು ಅಂದ್ರು, ನಮ್ಮವರು ನಿಮ್ಮನ್ನು ಕಡ್ಡಿ ಜೋಡಿಸೋರು ಅಂದ್ರು. ಬಜಾರಿನಲ್ಲಿ ನೀವು ಎದುರಾದಾಗ ನಾನು ಅಂಗಡಿಯೊಳಗೆ ನುಗ್ಗಿಬಿಟ್ಟೆ.

ಇವತ್ತು ಬೆಳಿಗ್ಗೆ ಸಾಹೇಬರು ಹೇಳಿದ ಕಾಗದವನ್ನು ಗ್ರೆಗ್‌ನಲ್ಲೇ ಬರಕೊಂಡೆ. ಟೈಪ್ ಮಾಡೋಕೆ ಕೂತು ನೋಡಿದ್ರೆ ಪುಟದ ತುಂಬ ಪಿಟ್‌ಮನ್ ಗೆರೆಗಳು! ಒಂದು ಮಾತೂ ತಪ್ಪಿರಲಿಲ್ಲ. ಪಕ್ಕದ ಪ್ರೇಮಮ್ಮ, "ಏನೇ ಇದು, ಕಡ್ಡಿ ಜೋಡಿಸಿದ್ದೀಯಾ?" ಅಂತ ನಕ್ಕಳು.

ನನಗೆ ನಗು ಬರಲಿಲ್ಲ ಮೇಷ್ಟ್ರೇ. ನನ್ನ ಹತ್ರ ಇರೋದು ಕರೀ ಪೆನ್ಸಿಲ್ ಒಂದೇ. ದಪ್ಪ ಇರಬೇಕಾದ ಗೆರೆಗಳೆಲ್ಲ ಕೆಂಪಗಿದ್ದವು.

ಕೊನೇ ಸಾಲನ್ನು ಮಾತ್ರ ನೀವು ತಿದ್ದಿರಲಿಲ್ಲ, ಅಲ್ಲಿನ ದಪ್ಪ ಗೆರೆ ತೆಳ್ಳಗೆ, ಕಪ್ಪಗೇ ಉಳಿದಿತ್ತು. ಪ್ರೇಮಮ್ಮ ಊಟಕ್ಕೆ ಹೋಗೋವರೆಗೂ ಕಾದಿದ್ದು, ಅದನ್ನು ನಾನೇ ಒತ್ತಿ ಬರೆದೆ.