ಅಪ್ಪ ಅಂಗೈ ಇಟ್ಟು ನೋಡಿದ ಲ್ಯಾಪ್‌ಟಾಪ್

ಮಾರ್ಚ್ ೧೪, ಶನಿವಾರ

ಆ ನಗು ಇನ್ನೂ ಕಿವಿಯಲ್ಲೇ ಕೂತಿದೆ. ಅಂಗಡಿಯವನದ್ದಲ್ಲ, ನನ್ನದು.

ಗೇಮಿಂಗ್ ಲ್ಯಾಪ್‌ಟಾಪ್ ಆರಿಸಲು ಅಪ್ಪನೂ ಬಂದಿದ್ದರು. ಮೂವತ್ತು ವರ್ಷ ಮೋಟಾರ್ ರಿಪೇರಿ ಮಾಡಿದವರು. ಉಗುರಿನ ಸಂದಿಯ ಗ್ರೀಸ್ ಇನ್ನೂ ಹೋಗಿಲ್ಲ. ಕೊನೆಗೆ ಎರಡು ಲ್ಯಾಪ್‌ಟಾಪ್ ಉಳಿದವು. ನನ್ನ ಮನಸ್ಸು ತೆಳ್ಳಗಿನದರ ಮೇಲೆ. ಅದರ ಕೀಲಿಗಳ ತುಂಬ ಬಣ್ಣದ ದೀಪ. ಇನ್ನೊಂದು ಇಟ್ಟಿಗೆಯಂಥದ್ದು. ಎರಡರಲ್ಲೂ ಒಂದೇ ಆಟ ಓಡುತ್ತಿತ್ತು. ಅಪ್ಪ ಬಗ್ಗಿ ಎರಡಕ್ಕೂ ಕಿವಿಗೊಟ್ಟರು, ತಳಕ್ಕೆ ಅಂಗೈ ಇಟ್ಟು ನೋಡಿದರು.

"ದಪ್ಪಂದೇ ತಗೋ ಮಗಳೇ. ತೆಳ್ಳಗಿರೋದು ಆಗ್ಲೇ ಏದುಸಿರು ಬಿಡ್ತಿದೆ."

ಅಂಗಡಿಯವನು ಕಿಸಕ್ಕನೆ ನಕ್ಕ. ನಾನೂ ನಕ್ಕೆ. "ಅಪ್ಪಾ, ಇದು ನಿಮ್ಮ ನೀರಿನ ಪಂಪಲ್ಲ. ಸುಮ್ನೆ ಆ ಕುರ್ಚೀಲಿ ಕೂತ್ಕೊಳ್ಳಿ," ಎಂದೆ. ಹೋಗಿ ಕೂತರು, ಕೈಗಳನ್ನು ತೊಡೆಯಡಿ ಸೇರಿಸಿಕೊಂಡು.

ಕಾಲು ಗಂಟೆಯಲ್ಲಿ ತೆಳ್ಳಗಿನದು ಕಾದ ಹೆಂಚಾಯಿತು, ಆಟ ತಡವರಿಸತೊಡಗಿತು. ದಪ್ಪನೆಯದು ಜಗ್ಗಲಿಲ್ಲ. ತೆಪ್ಪಗೆ ಅದನ್ನೇ ಕೊಂಡೆ. ಅಪ್ಪನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಮನೆಯಲ್ಲಿ ಅಮ್ಮ, "ಯಾರು ಆರಿಸಿದ್ದು?" ಎಂದಾಗ ನನಗಿಂತ ಮೊದಲು ಅಪ್ಪನೇ ಹೇಳಿದರು: "ಅವಳೇ. ಇವೆಲ್ಲ ನಂಗೇನು ಗೊತ್ತಾಗತ್ತೆ?" ನಾನು ಹೌದೆಂದು ತಲೆಯಾಡಿಸಿದೆ. ತಲೆಯಾಡಿಸಿಬಿಟ್ಟೆ!

ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ನಾಳೆ ಅಪ್ಪನ ಕೈಯಲ್ಲೇ ಬಿಚ್ಚಿಸೋಣ ಎಂದುಕೊಂಡೆ. ಆದರೆ ಊಟಕ್ಕೆ ಮುಂಚೆ ಅವರು ಬಚ್ಚಲಲ್ಲಿ ಬಹಳ ಹೊತ್ತು ಇದ್ದರು. ಇಣುಕಿದೆ. ಹಳೆಯ ಬ್ರಷ್ ಹಿಡಿದು ಉಗುರು ಉಜ್ಜಿಕೊಳ್ಳುತ್ತಿದ್ದರು, ಒಂದೊಂದೇ.