ನೆಂಟರು ಬರುವ ಬೋನು

ಹೊನ್ನವಳ್ಳಿ
14-7-2024

ಪ್ರಿಯ ಸೂರ್ಯಪ್ರಕಾಶ,

ನಾವಿಲ್ಲಿ ಕ್ಷೇಮ. ಉತ್ತರ ಬರೆಯಲು ತಡಮಾಡಿದೆನೆಂದು ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬೋನು ಹೂಡಿದ ಮನೆಯಲ್ಲಿ "ಇಲಿ" ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಅದು ಕೇಳಿಸಿಕೊಂಡು ಜಾಗ ಖಾಲಿ ಮಾಡುತ್ತದೆ. ನಮ್ಮ ಮನೆಯಲ್ಲಿ "ನೆಂಟರು" ಅನ್ನಬೇಕು.

ನಿನ್ನ ಹಳೇ ಬೋನುಗಳ ಸಂಗ್ರಹಕ್ಕೆ ಎರಡು ಕಳಿಸುತ್ತಿದ್ದೇನೆ. ಒಂದು, ತಾತ ಹೊಲದಲ್ಲಿ ಹೂಡುತ್ತಿದ್ದ ಚಪ್ಪಡಿಕಲ್ಲು ಮತ್ತು ಕವಲುಕಡ್ಡಿ. ಕಡ್ಡಿ ಜಾರಿದರೆ ಕಲ್ಲು ಬೀಳುತ್ತದೆ, ಅಷ್ಟೇ ಅದರ ವಿದ್ಯೆ. ಇನ್ನೊಂದು ಅಪ್ಪ ತಿಪಟೂರು ಸಂತೆಯಿಂದ ತಂದ ಕಬ್ಬಿಣದ ಕತ್ತರಿ. ಸ್ಪ್ರಿಂಗು ಈಗಲೂ ಬಿಗಿಯಾಗಿದೆ, ಬೆರಳು ಜೋಪಾನ.

ಮೂರನೆಯದನ್ನು ಮಾತ್ರ ಕೇಳಬೇಡ. ಬಡಗಿ ಮಾಯಣ್ಣ ಹಲಸಿನ ಮರದಲ್ಲಿ ಮಾಡಿಕೊಟ್ಟ ಉದ್ದನೆಯ ಪೆಟ್ಟಿಗೆ ಅದು, ಎರಡು ತುದಿಗೂ ಬಾಗಿಲು. ಇಣುಕಿದರೆ ಆಚೆಯ ಬೆಳಕು ಕಾಣುವುದರಿಂದ ಬಂದವನು ದಾರಿಯೆಂದೇ ನುಗ್ಗುತ್ತಾನೆ. ಒಳಗಿನ ಕೊಕ್ಕೆಯ ತಿಂಡಿ ಎಳೆದರೆ ಎರಡೂ ಬಾಗಿಲು ಒಟ್ಟಿಗೆ ಬೀಳುತ್ತವೆ.

ಮದುವೆಯಾದ ಹೊಸದರಲ್ಲಿ ನಾನು ಆ ಕೊಕ್ಕೆಗೆ ಕೊಬ್ಬರಿ ಚೂರು ಸಿಕ್ಕಿಸಿದ್ದೆ. ನಿನ್ನ ಅತ್ತಿಗೆ ಗೌರಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಟ್ಟದ್ ತುಂಬಾ ಅದೇ ಐತೆ ಕಣ್ರೀ. ಅದುನ್ನೇ ಇಕ್ಕಿದ್ರೆ ನೆಂಟ್ರು ಯಾಕ್ ಬತ್ತಾರೆ?" ಎಂದು ಸುಟ್ಟ ರೊಟ್ಟಿ ಕಟ್ಟಿದಳು. ಬೆಳಿಗ್ಗೆ ಏಣಿಯ ಮೇಲಿಂದಲೇ ಕೂಗಿದಳು, "ರೀ, ನೆಂಟ್ರು ಬಂದವ್ರೆ." ಆಮೇಲೆ ಎಷ್ಟೋ ಬೆಳಗುಗಳು ನನಗೆ ಆ ಕೂಗಿನಿಂದಲೇ ಆದವು.

ಈಗ ಅವಳಿಗೆ ಮರೆವು. ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಾಳೆ, ಸೊಸೆ ಶಿಲ್ಪಳನ್ನು ತನ್ನ ಅಕ್ಕ ಅಂದುಕೊಳ್ಳುತ್ತಾಳೆ. ನನ್ನನ್ನು ಮರೆತಿಲ್ಲ ಎಂದುಕೊಂಡಿದ್ದೇನೆ. ಹೆಸರು ಹಿಡಿದು ಕರೆಯುವ ರೂಢಿ ಅವಳಿಗೆ ಮೊದಲೇ ಇರಲಿಲ್ಲವಲ್ಲ, ಹೇಗೆ ಗೊತ್ತಾಗಬೇಕು? ಅಟ್ಟದಲ್ಲಿ ಈಗ ಇಲಿಯ ಕಾಟವೂ ಇಲ್ಲ. ಆದರೂ ದಿನಾ ಸಂಜೆ ಬೋನು ಹೂಡುತ್ತೇನೆ. ಅವಳ ಬಾಯಿಂದ ಆ ಮಾತು ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತದೆ ಕಣೋ. ಅದಕ್ಕೇ ಅದನ್ನು ಕೊಡಲಾರೆ.

ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಎಲ್ಲರೂ ನೂರ್ಕಾಲ ಚೆನ್ನಾಗಿರಿ.

ನಿನ್ನ
ಗಂಗಾಧರಯ್ಯ

ತಾ.ಕ.: ಮೂರನೆಯದೂ ಈ ಗಂಟಿನಲ್ಲೇ ಇದೆ, ಇಟ್ಟುಕೋ. ಕಾಗದ ಅಂಟಿಸಿರಲಿಲ್ಲ. ಇವತ್ತು ಬೆಳಿಗ್ಗೆ ಹಿತ್ತಲಿನಿಂದ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತೆ. ಗೌರಿ ತಿರುಗಿ ನೋಡಿ, "ನೆಂಟ್ರು ಬಂದವ್ರೆ" ಅಂದಳು. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಓಡಿಹೋಗಿ ಏಣಿ ಹತ್ತಿದೆ. ಎರಡೂ ಬಾಗಿಲು ತೆರೆದೇ ಇದ್ದವು, ರೊಟ್ಟಿ ಕಟ್ಟಿದ ಹಾಗೇ ಇತ್ತು. ಇಳಿದು ಬಂದಾಗ ಅವಳು ನನ್ನನ್ನೇ ತೋರಿಸಿ ಶಿಲ್ಪಳಿಗೆ ಹೇಳುತ್ತಿದ್ದಳು, "ಪಾಪ, ನಿಂತೇ ಅವ್ರೆ ಕಣಕ್ಕ. ಚಾಪೆ ಹಾಕು." ಶಿಲ್ಪ ನನ್ನ ಮುಖ ನೋಡದೆ ಚಾಪೆ ಹಾಸಿದಳು. ನಾನು ಕೂತೆ.